ದೇಣಿಗೆ ಹೇಳುವುದು ಯಾರ ಭವಿಷ್ಯ?

ಅಮೆರಿಕದ ಅಧ್ಯಕ್ಷೀಯ ಪ್ರೈಮರಿಗಳಲ್ಲಿ ಯಾರಿಗೆ ಎಷ್ಟು ದೇಣಿಗೆ ಬಂತೆಂದು ನೋಡಿ ಗೆಲ್ಲುವ ಕುದುರೆಯನ್ನು ಗುರುತಿಸುತ್ತಾರೆ. ಈ ಲೆಕ್ಕ ಮುಂಬೈಯಲ್ಲಿ ಎರಡು ಸಲವಾದರೂ ತಪ್ಪಿದೆ.

1967ರಲ್ಲಿ ದಕ್ಷಿಣ ಬಾಂಬೆಯಿಂದ ಸ್ಪರ್ಧಿಸಿದ್ದ ಎಸ್.ಕೆ. ಪಾಟೀಲರು ಉದ್ಯಮಿಗಳಿಂದ ಕಾಂಗ್ರೆಸ್ಸಿಗೆ ನಿಧಿ ಕೂಡಿಸುವುದರಲ್ಲಿ ಎತ್ತಿದ ಕೈ. ಅವರನ್ನು ಸೋಲಿಸಿದ್ದು ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆಯ ಕಾರ್ಮಿಕರನ್ನೂ ಸಂಘಟಿಸಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿತು. ಮಾರ್ಚ್‌ನಲ್ಲಿ ಹೊರಬಿದ್ದ ಪಟ್ಟಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಣ, ಸುಮಾರು 6,000 ಕೋಟಿ ರೂಪಾಯಿ, ಬಿಜೆಪಿಯದು. ಮೇ 20ರಂದು ಮುಂಬೈ ಮತ ಹಾಕಿತು. ಇಲ್ಲಿ ಬಿಜೆಪಿ ಸ್ಪರ್ಧಿಸಿದ 3 ಲೋಕಸಭಾ ಕ್ಷೇತ್ರಗಳಲ್ಲಿ ಗೆದ್ದದ್ದು 1. ಆರೇ ತಿಂಗಳಲ್ಲಿ ಬಂದ ವಿಧಾನಸಭಾ ಚುನಾವಣೆಯಲ್ಲಿ ನಗರದ ಅತಿ ಹೆಚ್ಚು ಸ್ಥಾನಗಳು ಅದೇ ಪಕ್ಷಕ್ಕೆ ಸಿಕ್ಕವು. ಇವೆರಡನ್ನೂ ಹಣದ ಚೀಲವೊಂದೇ ವಿವರಿಸಲಾರದು.

ನನ್ನ ಮಟ್ಟಿಗೆ, ದೊಡ್ಡ ದೇಣಿಗೆಯಿಂದ ತಿಳಿಯುವುದು ಇಂದು ಅಧಿಕಾರ ಯಾರ ಕೈಯಲ್ಲಿದೆ, ಉದ್ಯಮಿ ಯಾರನ್ನು ಎದುರುಹಾಕಿಕೊಳ್ಳಲು ಅಂಜುತ್ತಾನೆ ಎಂಬುದು. ಹಣ ನಿಜವಾಗಿ ಕೆಲಸ ಮಾಡುವುದು ಟಿಕೆಟ್ ಹಂಚಿಕೆಯಲ್ಲಿ. ನಮ್ಮ ಪ್ರೈಮರಿ ಅದೇ. ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ಅಲ್ಲಿ ಮತದಾರನಿಗೆ ಜಾಗವಿಲ್ಲ. ಲೋಕಸಭಾ ಅಭ್ಯರ್ಥಿಯ ಖರ್ಚಿಗೆ ಮುಂಬೈಯಲ್ಲಿ 95 ಲಕ್ಷ ರೂಪಾಯಿಯ ಮಿತಿಯಿತ್ತು. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ.

ಆದ್ದರಿಂದ ದೇಣಿಗೆಯ ಲೆಕ್ಕ ಮತದಾನಕ್ಕೆ ಮುಂಚೆಯೇ ನಮ್ಮ ಕೈಗೆ ಬರಬೇಕು, ಅದೂ ಪ್ರತಿ ಸಲ, ಕೋರ್ಟಿನ ಆದೇಶಕ್ಕೆ ಕಾಯದೆ. ಗೆದ್ದವರು ಯಾರ ಋಣ ಹೊತ್ತು ಸಂಸತ್ತಿಗೆ ಹೋಗುತ್ತಾರೆಂದು ತಿಳಿದೇ ನಾವು ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಬೇಕು.