ಒಲೆಯ ಮುಂದೆ ನಿಂತವರ ಬೆಳಕು

ಉತ್ತರ ಬೆಂಗಳೂರಿನ ಗಂಗಾನಗರ, ಆರ್‌.ಟಿ. ನಗರದ ಮೂವತ್ತು–ನಲವತ್ತರ ಸೈಟುಗಳಲ್ಲಿ ಮಹಡಿಯ ಮೇಲೆ ಮಹಡಿ ಎದ್ದಿರುವ ಕಡೆ ಎಷ್ಟೋ ಅಡುಗೆಮನೆಗಳ ಕಿಟಕಿ ಬೀದಿಗೆ ತೆರೆಯುವುದಿಲ್ಲ. ಎರಡು ಮನೆಗಳ ನಡುವಿನ ಮೂರು–ನಾಲ್ಕಡಿ ಸಂದಿಗೆ ತೆರೆಯುತ್ತದೆ. ಆಕಾಶದಿಂದ ಇಳಿದ ಬೆಳಕು ಪಕ್ಕದ ಮನೆಯ ಗೋಡೆಗೆ ಬಡಿದು, ಗ್ರಿಲ್ ದಾಟಿ ಒಳಗೆ ಬರಬೇಕು. ನಡುವೆ ಯುಟಿಲಿಟಿ ಇದ್ದರೆ ಅಲ್ಲಿ ಒಣಹಾಕಿದ ಬಟ್ಟೆಯೂ ಅದರಲ್ಲಿ ಒಂದಿಷ್ಟನ್ನು ತಡೆಯುತ್ತದೆ. ಇಂಥ ಕೋಣೆಗೂ ಈಗ ಚಾರ್ಕೋಲ್, ನೇವಿ ಬ್ಲೂ, ಬಾಟಲ್ ಗ್ರೀನ್ ಬಳಿಸುವ ಒಲವು ಬೆಳೆದಿದೆ. ಮನೆಯ ಬಣ್ಣ ಅವರವರ ಇಷ್ಟ, ಅದರಲ್ಲಿ ವಾದಿಸುವುದೇನಿದೆ ಎಂದು ಕೇಳಬಹುದು. ಹಾಲ್‌, ಮಲಗುವ ಕೋಣೆಗಳ ಮಟ್ಟಿಗೆ ಆ ಮಾತನ್ನು ಒಪ್ಪುತ್ತೇನೆ. ಅಡುಗೆಮನೆಯ ಗೋಡೆ ಮಾತ್ರ ಈಳಿಗೆಮಣೆ, ಇಕ್ಕಳಗಳ ಹಾಗೆ ದುಡಿಮೆಯ ಉಪಕರಣ. ಅದರ ಬಣ್ಣವನ್ನು ಒಲೆಯ ಮುಂದೆ ನಿಂತವರ ಕಣ್ಣಿನಿಂದ ಆರಿಸಬೇಕು; ಹಾಗೆ ಆರಿಸಿದರೆ ಇಕ್ಕಟ್ಟಿನ ಅಡುಗೆಮನೆಯ ನಾಲ್ಕೂ ಗೋಡೆಗೆ ಗಾಢ ಬಣ್ಣ ಬರುವ ಸಂಭವವೇ ಕಡಿಮೆ ಎನ್ನುವುದು ನನ್ನ ವಾದ.

ಕಟ್ಟೆಯ ಮುಂದೆ ನಿಂತವರು ಗೋಡೆಗೆ ಮುಖ ಮಾಡಿರುತ್ತಾರೆ. ಟ್ಯೂಬ್‌ಲೈಟ್ ಸಾಮಾನ್ಯವಾಗಿ ಬೆನ್ನ ಹಿಂದೋ ನೆತ್ತಿಯ ಮೇಲೋ ಇರುತ್ತದೆ. ಹೆಚ್ಚುವ ಸೊಪ್ಪಿನ ಮೇಲೆ, ಆರಿಸುವ ಅಕ್ಕಿಯ ಮೇಲೆ ಅವರದೇ ನೆರಳು ಬೀಳುತ್ತದೆ. ಆ ನೆರಳನ್ನು ತಿಳಿಯಾಗಿಸುವುದು ಗೋಡೆ ಮತ್ತು ಸೀಲಿಂಗ್‌ನಿಂದ ಮರಳಿ ಬರುವ ಬೆಳಕು. ಒಳ್ಳೆಯ ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಹಿಂದಿರುಗಿಸುತ್ತದೆ. ಚಾರ್ಕೋಲ್‌ನಂಥದ್ದು 10 ಪಾಲು ಹಿಂದಿರುಗಿಸಿದರೆ ಹೆಚ್ಚು. ಈ ವ್ಯತ್ಯಾಸ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಪ್ರತಿ ಸುತ್ತಿಗೂ ಬೆಳೆಯುತ್ತದೆ. ನೆಲ, ಕಟ್ಟೆ, ಕಪಾಟು ಎಲ್ಲ ಸೇರಿ ಕೋಣೆ ಸರಾಸರಿ 70 ಪಾಲು ಮರಳಿಸುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ 70, ಅದು ಮತ್ತೊಂದು ಗೋಡೆಗೆ ಬಡಿದು 49, ಮತ್ತೆ 34, ಹೀಗೆ ಕೂಡುತ್ತ ಹೋದರೆ ನೂರು ಪಾಲು ನೇರ ಬೆಳಕಿಗೆ ಸುಮಾರು 230 ಪಾಲು ಮರುಬೆಳಕು ಸಿಗುತ್ತದೆ. ಅದೇ ಸರಾಸರಿ 30ಕ್ಕೆ ಇಳಿದರೆ 30, 9, 3 ಎಂದು ಸೊರಗಿ ಒಟ್ಟು 43 ಪಾಲಿಗೆ ನಿಲ್ಲುತ್ತದೆ. ಬಲ್ಬು ಅದೇ, ಕಿಟಕಿ ಅದೇ; ನೆರಳನ್ನು ತುಂಬುವ ಬೆಳಕು ಮಾತ್ರ ಐದನೇ ಒಂದು ಭಾಗಕ್ಕೆ ಬಂದಿರುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಊಟದ ಕೋಣೆ ಬೇರೆಯಿರುವ ಮನೆಯಲ್ಲಿ ಅಡುಗೆಮನೆಗೆ ಕನಿಷ್ಠ 5 ಚದರ ಮೀಟರ್ ಜಾಗ, 1.8 ಮೀಟರ್ ಅಗಲ, 1 ಚದರ ಮೀಟರ್ ಕಿಟಕಿ ಇರಬೇಕೆನ್ನುತ್ತದೆ. ಆ ಕನಿಷ್ಠಕ್ಕೆ ಹತ್ತಿರವಿರುವ ಕೋಣೆಯಲ್ಲಿ ಗೋಡೆಗಳು ಮೈಗೆ ತಾಗುವಷ್ಟು ಸಮೀಪ. ಬೆಳಕನ್ನು ಕೊಡುವುದಾದರೂ ನುಂಗುವುದಾದರೂ ಅವೇ.

ಎಲ್‌ಇಡಿ ಅಗ್ಗವಾಗಿದೆ, 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್ಟಿನೊಳಗೆ ಬಳಸುವ ಮನೆಗಳಿಗೆ ಕರೆಂಟ್ ಬಿಲ್ಲಿನ ಚಿಂತೆಯೂ ಕಡಿಮೆ, ಇನ್ನೆರಡು ದೀಪ ಹಾಕಿದರಾಯಿತು ಎನ್ನುವವರಿದ್ದಾರೆ. ಕಪಾಟಿನ ಕೆಳಗೆ ಕಟ್ಟೆಯುದ್ದಕ್ಕೂ ದೀಪದ ಪಟ್ಟಿ ಹಾಕಿಸುವುದು ನಿಜಕ್ಕೂ ಒಳ್ಳೆಯದು, ಗೋಡೆ ಯಾವ ಬಣ್ಣದ್ದಾದರೂ ಅದು ಬೇಕು. ಆದರೆ ಕಪ್ಪು ಗೋಡೆಯ ಮುಂದೆ ಹೊಳೆಯುವ ಒಂದು ಪಟ್ಟಿ ಕಣ್ಣನ್ನು ದಣಿಸುತ್ತದೆ. ಪ್ರತಿ ಸಲ ತಲೆಯೆತ್ತಿ ಇಳಿಸಿದಾಗಲೂ ಕಣ್ಣು ಹೊಸದಾಗಿ ಹೊಂದಿಕೊಳ್ಳಬೇಕು. ಆಳವಾದ ಪಾತ್ರೆಯ ತಳಕ್ಕೆ, ಕಪಾಟಿನ ಒಳಮೂಲೆಗೆ ಆ ಪಟ್ಟಿಯ ಬೆಳಕು ಹೋಗುವುದೂ ಇಲ್ಲ. ವಯಸ್ಸಿನ ಮಾತೂ ಇದೆ. ಅರವತ್ತರ ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟಿ, ಇಪ್ಪತ್ತರ ಕಣ್ಣಿಗೆ ಸಿಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಅಕ್ಷಿಪಟಲವನ್ನು ಮುಟ್ಟುತ್ತದೆ. ಶೇಡ್ ಕಾರ್ಡ್ ಹಿಡಿದು ಬಣ್ಣ ಆರಿಸುವವರು ಮೂವತ್ತರವರಾದರೂ ಬೆಳಗ್ಗೆ ಐದೂವರೆಗೆ ಎದ್ದು ಡಿಕಾಕ್ಷನ್ ಹಾಕುವವರು ಅವರ ಅಮ್ಮನೋ ಅತ್ತೆಯೋ ಆಗಿರಬಹುದು.

ಗಾಢ ಬಣ್ಣದ ಪರವಾಗಿ ಹೆಚ್ಚಾಗಿ ಕೇಳಿಬರುವ ಮಾತು, ಕೊಳೆ ಕಾಣುವುದಿಲ್ಲ ಎಂಬುದು. ಒಗ್ಗರಣೆಯ ಸಿಡಿತ, ಅರಿಸಿನದ ಬೆರಳಚ್ಚು, ಕುಕ್ಕರ್ ಉಗುಳಿದ ಬೇಳೆನೀರು ಇವೆಲ್ಲ ಬಿಳಿ ಗೋಡೆಯಲ್ಲಿ ಎದ್ದು ಕಾಣುತ್ತವೆ, ನಿಜ. ಗಾಢ ಗೋಡೆ ಏನನ್ನು ಮುಚ್ಚುತ್ತದೆ, ಏನನ್ನು ತೋರಿಸುತ್ತದೆ ಎಂದು ಬಿಡಿಸಿ ನೋಡಿದರೆ ಲಾಭ ತಿರುಗಾಮುರುಗಾ ಆಗುತ್ತದೆ. ಅಕ್ಕಿಹಿಟ್ಟಿನ ಧೂಳು, ಬೋರ್‌ವೆಲ್ ನೀರು ಒಣಗಿ ಉಳಿಸುವ ಬಿಳಿ ಉಪ್ಪಿನ ಕಲೆ, ಒರೆಸಿದಲ್ಲೆಲ್ಲ ಮಿರುಗುವ ಗುರುತು ಇಂಥ ಅಪಾಯವಿಲ್ಲದವೆಲ್ಲ ಅದರ ಮೇಲೆ ಕಾಣುತ್ತವೆ. ಜಿರಲೆಯ ಓಡಾಟ, ಸಿಂಕ್‌ ಹಿಂದೆ ತೇವ ಹಿಡಿದು ಹಬ್ಬುವ ಕಪ್ಪು ಬೂಷ್ಟು, ಎಣ್ಣೆಯ ಪೊರೆಗೆ ಅಂಟಿದ ಧೂಳು ಮುಚ್ಚಿಹೋಗುತ್ತವೆ. ಕೂಡಲೇ ಗೊತ್ತಾಗಬೇಕಾದವು ಇವೇ. 1948ರ ಕಾರ್ಖಾನೆ ಕಾಯ್ದೆಯ ಹನ್ನೊಂದನೇ ಸೆಕ್ಷನ್ ಕಾರ್ಖಾನೆಯ ಒಳಗೋಡೆಗೆ ಸುಣ್ಣ ಅಥವಾ ಬಣ್ಣದ ಸುಣ್ಣ ಬಳಿಯುವುದಾದರೆ 14 ತಿಂಗಳಿಗೊಮ್ಮೆಯಾದರೂ ಬಳಿಯಲೇಬೇಕೆಂದು ವಿಧಿಸಿದ್ದು ಅಂದಕ್ಕಾಗಿ ಅಲ್ಲ. ಆ ನಿಯಮ ಇದ್ದದ್ದು ಸ್ವಚ್ಛತೆಯ ಸೆಕ್ಷನ್ನಿನಲ್ಲಿ. ನಮ್ಮ ಮನೆಗಳಲ್ಲೂ ಹಬ್ಬ ಬಂತೆಂದರೆ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿಯುತ್ತಿದ್ದರು. ಸುಣ್ಣದ ಕ್ಷಾರಗುಣ ಬೂಷ್ಟನ್ನು ತಡೆಯುತ್ತಿತ್ತು, ಬಿಳುಪು ಬೆಳಕು ಕೊಡುತ್ತಿತ್ತು, ಮುಂದಿನ ಹಬ್ಬದ ಹೊತ್ತಿಗೆ ಎಲ್ಲೆಲ್ಲಿ ಕಪ್ಪಾಗಿದೆ ಎಂಬುದನ್ನೂ ಅದೇ ಹೇಳುತ್ತಿತ್ತು.

ಕೊಳೆ ಕಾಣಬಾರದೆಂಬ ಕಾರಣ ಬಾಡಿಗೆ ಮನೆಯಲ್ಲಿ ಇನ್ನೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ರೂಢಿ. ಅಡುಗೆಮನೆಗೆ ಗಾಢ ಬಣ್ಣವಿದ್ದರೆ ಮುಂದಿನ ಬಾಡಿಗೆದಾರರಿಗೆ ಕಲೆ ಕಾಣದು, ಆ ಕೋಣೆಯನ್ನು ಹಾಗೆಯೇ ದಾಟಿಸಬಹುದು ಎಂಬ ಲೆಕ್ಕಾಚಾರಕ್ಕೆ ಅವಕಾಶವಾಗುತ್ತದೆ. ಲೆಕ್ಕಾಚಾರವಾಗಿಯೂ ಅದು ಗಟ್ಟಿಯಲ್ಲ. ಗಾಢ ಮ್ಯಾಟ್ ಬಣ್ಣಕ್ಕೆ ಟಚಪ್ ಮಾಡಿದರೆ ಹಳೆಯದರೊಡನೆ ಬೆರೆಯದೆ ತೇಪೆಯಂತೆ ನಿಲ್ಲುತ್ತದೆ. ಮತ್ತೆ ತಿಳಿ ಬಣ್ಣಕ್ಕೆ ಮರಳಬೇಕೆಂದರೆ ಪ್ರೈಮರ್ ಹೊಡೆದು ಮೇಲೆ ಹೆಚ್ಚಿನ ಕೋಟು ಕೊಡಬೇಕು.

ಇದಕ್ಕಿಂತ ತೂಕದ ಆಕ್ಷೇಪ ನಮ್ಮ ಹಳೆಯ ಮನೆಗಳಿಂದಲೇ ಬರುತ್ತದೆ. ಮಲೆನಾಡಿನ ಅಡುಗೆಮನೆ ಕಪ್ಪಗಿರಲಿಲ್ಲವೇ? ಅಟ್ಟದ ಬಿದಿರು ಮಸಿಯಿಂದ ಮಿರುಗುತ್ತಿತ್ತು, ತೊಲೆಗಳಿಂದ ಇಲ್ಲಣ ಜೋಲುತ್ತಿತ್ತು. ಆ ಹೊಗೆಯೇ ಮರಕ್ಕೆ ಹುಳ ಹಿಡಿಯದಂತೆ ಕಾಯುತ್ತಿತ್ತು, ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟದ್ದನ್ನು ಒಣಗಿಸುತ್ತಿತ್ತು. ಅಲ್ಲಿ ತಲೆಮಾರುಗಳು ಅಡುಗೆ ಮಾಡಿದವಲ್ಲ, ಈಗೇಕೆ ಈ ತಕರಾರು? ಹೊಗೆಯ ಉಪಯೋಗವನ್ನು ಅಲ್ಲಗಳೆಯಲಾರೆ. ಆದರೆ ಆ ಕಪ್ಪು ಯಾರೂ ಬಯಸಿ ಬಳಿದದ್ದಲ್ಲ, ಸೌದೆಯ ಜೊತೆಗೆ ಬಂದದ್ದು. ಅದರೊಡನೆ ಬದುಕಿದವರು ಹಂಚಿನ ನಡುವೆ ಗಾಜಿನ ಹಂಚು ಇಟ್ಟು ಬೆಳಕನ್ನು ಕರೆದುಕೊಂಡರು, ಗೋಡೆಗೆ ಕೈಯೆಟುಕುವಷ್ಟು ಎತ್ತರ ಕೆಮ್ಮಣ್ಣು, ಮೇಲೆ ಸುಣ್ಣ ಬಳಿದರು. ಆ ಹೊಗೆಯ ವಿರುದ್ಧ ದುಡಿದವರು ಇದೇ ಉತ್ತರ ಬೆಂಗಳೂರಿನಲ್ಲಿದ್ದರು. ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುವಾಯಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಸೌದೆಯನ್ನು ಉಳಿಸಿ, ಹೊಗೆಯನ್ನು ಕೊಳವೆಯ ಮೂಲಕ ಮನೆಯಾಚೆ ಕಳಿಸಿತು. ಬಣ್ಣ ಬೇರೆ, ಮಸಿ ಬೇರೆ, ಬಣ್ಣದಿಂದ ಯಾರ ಶ್ವಾಸಕೋಶವೂ ಕೆಡದು ಎಂದರೆ ಒಪ್ಪಲೇಬೇಕು. ಕಣ್ಣಿನ ಪಾಲಿಗೆ ಮಾತ್ರ ಎರಡೂ ಒಂದೇ: ಎರಡೂ ಬೆಳಕನ್ನು ಹೀರುತ್ತವೆ.

ಚೆಲುವಿನ ಮಾತನ್ನು ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ಗಾಢ ಹಸಿರಿನ ಮುಂದೆ ಹಿತ್ತಾಳೆಯ ಪಾತ್ರೆ, ತಾಮ್ರದ ಬಿಂದಿಗೆ ಹೊಳೆಯುವ ಪರಿ ಬಿಳಿಯ ಮುಂದೆ ಬರುವುದಿಲ್ಲ. ಎರಡು ಕಡೆ ದೊಡ್ಡ ಕಿಟಕಿಯಿರುವ, ಮೂಲೆ ಸೈಟಿನ ಅಡುಗೆಮನೆಗೆ ಒಂದು ಗಾಢ ಗೋಡೆ ಶೋಭಿಸುತ್ತದೆ. ಸಂದಿಗೆ ತೆರೆದ ಅಡುಗೆಮನೆಯಲ್ಲೂ ಅದಕ್ಕೆ ಜಾಗವಿದೆ: ಕಟ್ಟೆಯ ಕೆಳಗಿನ ಕಪಾಟಿನ ಬಾಗಿಲು, ಸೊಂಟದಿಂದ ಕೆಳಗಿನ ಗೋಡೆ, ಊಟದ ಮೇಜಿನ ಬದಿ. ಅಲ್ಲಿಂದ ಮರಳುವ ಬೆಳಕು ಕೈಕೆಲಸಕ್ಕೆ ಅಷ್ಟಾಗಿ ಒದಗುವುದೂ ಇಲ್ಲ. ಕಡಪ ಕಲ್ಲು, ಕಪ್ಪು ಗ್ರಾನೈಟು ಕಟ್ಟೆಯ ಮೇಲೆ ಎಂದಿನಿಂದಲೂ ಇವೆ, ಇರಲಿ. ಚೆಲ್ಲಿದ ಅಕ್ಕಿ, ರವೆ ಅದರ ಮೇಲೆ ಚೆನ್ನಾಗಿ ಕಾಣುತ್ತದೆ. ಕಟ್ಟೆಯ ಮೇಲಿನ ಗೋಡೆ, ಕಿಟಕಿಯ ಅಕ್ಕಪಕ್ಕ, ಕಿಟಕಿಗೆ ಎದುರಿನ ಗೋಡೆ, ಸೀಲಿಂಗ್ ಇವು ತಿಳಿಯಾಗಿರಬೇಕು. ಹಾಲುಬಿಳಿಯೇ ಆಗಬೇಕೆಂದೇನಿಲ್ಲ, ಮಜ್ಜಿಗೆಯ ಬಣ್ಣ, ತಿಳಿಹಳದಿ, ಎಳೆಯ ಬಾಳೆಸುಳಿಯ ಹಸಿರು, ಯಾವುದಾದರೂ ಆದೀತು, ಒರೆಸಿದರೆ ಹೋಗದ ಎಮಲ್ಷನ್ ಆಗಿದ್ದರೆ ಸಾಕು.

ಇದನ್ನು ತೀರ್ಮಾನಿಸುವವರು ಯಾರು ಎಂಬುದು ಬಣ್ಣದಷ್ಟೇ ಮುಖ್ಯ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯ ಸಂಬಳವಿಲ್ಲದ ಕೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಟ್ಟರೆ, ತೊಡಗಿದ ಗಂಡಸರು ಕೊಟ್ಟದ್ದು 97 ನಿಮಿಷ. ಆ ಐದು ಗಂಟೆಗಳಲ್ಲಿ ದೊಡ್ಡ ಪಾಲು ಕಳೆಯುವುದು ಈ ನಾಲ್ಕು ಗೋಡೆಗಳ ನಡುವೆ. ಗೋಡೆಗೆ ಬಣ್ಣ ಹೊಡೆಸುವ ಮುಂಚೆ ಒಂದು ದೊಡ್ಡ ರಟ್ಟಿಗೆ ಆರಿಸಿದ ಬಣ್ಣ ಹಚ್ಚಿ ಕಟ್ಟೆಯ ಹಿಂದೆ ನಿಲ್ಲಿಸಿ, ಸಂಜೆ ಆರೂವರೆಗೆ ದೀಪ ಹಾಕಿ, ಅಲ್ಲಿ ದಿನವೂ ನಿಲ್ಲುವವರಿಗೇ ಉದ್ದಿನಬೇಳೆಯಲ್ಲಿ ಕಲ್ಲು ಆರಿಸಲು ಹೇಳಿ ಅವರ ಅಭಿಪ್ರಾಯ ಕೇಳಬಹುದು. ಹಾಗೆಯೇ ಮನೆಯ ಹೊರಗೋಡೆಗೆ ಬಣ್ಣ ಹೊಡೆಸುವಾಗ ಸಂದಿಯ ಬದಿಯನ್ನು ಯಾರೂ ನೋಡುವುದಿಲ್ಲವೆಂದು ಬರೀ ಸಿಮೆಂಟಾಗಿ ಬಿಡುವ ರೂಢಿಯಿದೆ. ಅಲ್ಲಿಗೆ ಎರಡು ಕೋಟು ಬಿಳಿ ಹೊಡೆಸಿದರೆ ಪಕ್ಕದ ಮನೆಯ, ಅದರಲ್ಲೂ ಆಕಾಶವೇ ಕಾಣದ ನೆಲಮಹಡಿಯ ಅಡುಗೆಮನೆಗೆ ಹಗಲು ಇನ್ನಷ್ಟು ಹೊತ್ತು ಉಳಿಯುತ್ತದೆ.