ಸುಮ್ನೆ ಶಾರ್ಟ್ ಮಾಡ್ಬಿಡಿ!

"ಶಾರ್ಟ್ ಮಾಡ್ಬಿಡಿ, ಕೆಲ್ಸ ಮಾಡತ್ತೆ."

ಲೇಸರ್ ಶೋ ಕಟ್ಟೋ ಹುಚ್ಚು ಹತ್ತಿದ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿದ ಸಲಹೆ ಇದು. ಕೇಳಿದ್ದಷ್ಟೇ ಅಲ್ಲ, ಪಾಲಿಸಿದ್ದೇನೆ. ಇನ್ನೊಬ್ಬರಿಗೆ ಹೇಳಿಯೂ ಇದ್ದೇನೆ. ಹಾಗಾಗಿ ಇವತ್ತು ಬೈಯೋಕೆ ಅಂತ ಕೂತವನು ಮೊದಲ ಬೈಗುಳ ನನಗೇ ಇಟ್ಕೊಂಡಿದ್ದೀನಿ. ನಿಮ್ಮಲ್ಲಿ ಹೆಚ್ಚಿನವರು ಕತೆ, ಕವನ, ಸಿನಿಮಾ ಬಗ್ಗೆ ಬರೆಯೋರು. ವೈರು, ವೋಲ್ಟೇಜು ಅಂದ ಕೂಡಲೇ ಪುಟ ಮುಚ್ಚಿಬಿಡ್ತೀರ ಅಂತ ಗೊತ್ತು :) ಸ್ವಲ್ಪ ತಡ್ಕೊಳ್ಳಿ. ಮುಂದಿನ ಗಣೇಶನ ಹಬ್ಬಕ್ಕೆ ನಿಮ್ಮ ಬೀದಿಯಲ್ಲೂ ಹಸಿರು ಬೆಳಕು ಆಡಬಹುದು, ಅದರ ಮುಂದೆ ನಿಮ್ಮ ಮನೆ ಮಕ್ಕಳೇ ಕುಣಿಯಬಹುದು.

ಪಿಯುಸಿ ಫಿಸಿಕ್ಸ್ ಲ್ಯಾಬಿನ ಗ್ಯಾಲ್ವನೋಮೀಟರ್ ನೆನಪಿದೆಯಾ? ಕರೆಂಟ್ ಹರಿದರೆ ಮುಳ್ಳು ಆಚೆ ಈಚೆ ವಾಲುತ್ತಿತ್ತಲ್ಲ, ಅದೇ. ಆ ಮುಳ್ಳಿನ ಜಾಗದಲ್ಲಿ ಉಗುರಿನಷ್ಟು ಕನ್ನಡಿ ಕೂರಿಸಿದ್ದೀವಿ ಅಂದುಕೊಳ್ಳಿ. ಹೆಚ್ಚುಕಮ್ಮಿ ಅದೇ ಲೇಸರ್ ಶೋದ ಸ್ಕ್ಯಾನರ್, ನಮ್ಮ ಭಾಷೆಯಲ್ಲಿ ಗ್ಯಾಲ್ವೊ. ಒಂದು ಕನ್ನಡಿ ಬೆಳಕನ್ನು ಎಡಬಲಕ್ಕೆ ತಿರುಗಿಸುತ್ತೆ, ಅದು ಎಕ್ಸ್. ಇನ್ನೊಂದು ಮೇಲೆ ಕೆಳಗೆ, ಅದು ವೈ. ಒಳ್ಳೆಯ ಸೆಟ್ಟು ಸೆಕೆಂಡಿಗೆ 30 ಸಾವಿರ ಬಿಂದುಗಳನ್ನು ಮುಟ್ಟಿ ಬರುತ್ತೆ. ದೀಪಾವಳಿಯಲ್ಲಿ ಸುರ್‌ಸುರ್ ಬತ್ತಿ ಜೋರಾಗಿ ತಿರುಗಿಸಿದರೆ ಬೆಂಕಿಯ ಚಕ್ರ ಕಾಣುತ್ತಲ್ಲ, ಹಾಗೇ ನಮ್ಮ ಕಣ್ಣು ಆ ಬಿಂದುಗಳನ್ನೆಲ್ಲ ಸೇರಿಸಿ ಚಿತ್ರ ಮಾಡಿಕೊಳ್ಳುತ್ತೆ. ಆದರೆ ಗೋಡೆಯ ಮೇಲೆ ನಿಜವಾಗಿ ಇರೋದು ಯಾವತ್ತೂ ಒಂದೇ ಒಂದು ಚುಕ್ಕೆ. ಈ ಮಾತು ನೆನಪಿಟ್ಕೊಳ್ಳಿ.

ಈಗ ನನ್ನ ಘನಕಾರ್ಯ ಕೇಳಿ.

ನಮ್ಮೂರು ತಿಪಟೂರಿನ ಹತ್ತಿರ. ಕಳೆದ ಗಣೇಶನ ಹಬ್ಬಕ್ಕೆ ಪೆಂಡಾಲಿನ ಎದುರಿನ ಗೋಡೆ ಮೇಲೆ ಲೇಸರ್‌ನಲ್ಲಿ ಗಣಪತಿ ಬರೆಯೋದು ಅಂತ ಪ್ಲಾನು. ಸೆಕೆಂಡ್‌ಹ್ಯಾಂಡ್ ಪ್ರೊಜೆಕ್ಟರ್ ಡಬ್ಬ, ಒಳಗೆ ಆನ್‌ಲೈನಿನಲ್ಲಿ ತರಿಸಿದ ಗ್ಯಾಲ್ವೊ ಕಿಟ್ಟು, 100 ಮಿಲಿವ್ಯಾಟಿನ ಹಸಿರು ಲೇಸರ್, ನಾನೇ ಬೆಸುಗೆ ಹಾಕಿದ ನಾಲ್ಕು ಮೀಟರ್ ಕೇಬಲ್. ಬೆಂಗಳೂರು ಬಿಡೋ ಹಿಂದಿನ ರಾತ್ರಿ ನೋಡಿದರೆ ಲೇಸರ್ ಹತ್ತುತ್ತಲೇ ಇಲ್ಲ! ಈ ಹವ್ಯಾಸದಲ್ಲಿ ನನಗಿಂತ ಹಳಬರೊಬ್ಬರಿಗೆ ಫೋನ್ ಮಾಡಿದೆ. ಅವರು ಒಂದೇ ಉಸಿರಿಗೆ, "ಡಿಬಿ-25 ಕನೆಕ್ಟರಲ್ಲಿ 4 ಮತ್ತು 17ನೇ ಪಿನ್ನು ಇದೆಯಲ್ಲ, ಇಂಟರ್‌ಲಾಕು. ಡಬ್ಬದ ಒಳಗೇ ಶಾರ್ಟ್ ಮಾಡ್ಬಿಡು ಮಾರಾಯ, ಸುಮ್ನೆ ತಲೆನೋವು" ಅಂದರು. ಎರಡಿಂಚು ವೈರು, ಎರಡು ಚುಕ್ಕಿ ಸೀಸ. ಲೇಸರ್ ಹತ್ತಿತು. ನಾನು ಖುಷಿಯಾಗಿ ಮಲಗಿದೆ.

ಹಬ್ಬದ ಸಂಜೆ ಗಣಪತಿ ಚೆನ್ನಾಗೇ ಬಂದ. ಪ್ರೊಜೆಕ್ಟರ್ ಒಂದು ಬೆಂಚಿನ ಮೇಲಿತ್ತು, ಅದಕ್ಕೂ ಗೋಡೆಗೂ ನಡುವೆ ಮಕ್ಕಳ ಸೈನ್ಯ. ಓಡಾಟದಲ್ಲಿ ಯಾರದೋ ಕಾಲಿಗೆ ಕೇಬಲ್ ಸಿಕ್ಕಿ ಕಿತ್ತು ಬಂತು. ಸಿಗ್ನಲ್ ಹೋದ ಮೇಲೆ ಕನ್ನಡಿಗಳೆರಡೂ ನಡುವಿಗೆ ಬಂದು ನಿಂತವು. ಲೇಸರ್ ಮಾತ್ರ ಆರಲಿಲ್ಲ. ಗೋಡೆಯಗಲ ಹರಡಿದ್ದ ಗಣಪತಿ ಒಂದು ಚುಕ್ಕೆಯಾಗಿ, ನಾಲ್ಕಡಿ ಎತ್ತರದಲ್ಲಿ ಉರಿಯುತ್ತಾ ನಿಂತುಬಿಟ್ಟ. "ಅಣ್ಣಾ, ಗಣಪತಿ ಹೋಯ್ತು!" ಅಂತ ಚಿಕ್ಕಪ್ಪನ ಮಗ ಕೂಗಿದ. ನಾನು ತಲೆಯೆತ್ತಿದಾಗ ಎದುರುಮನೆಯ ಹುಡುಗಿ, ನಾಲ್ಕನೇ ಕ್ಲಾಸು, ಗೋಡೆ ಕಡೆ ಮುಖ ಮಾಡಿ ಆ ಚುಕ್ಕೆಯನ್ನು ಹಿಡಿಯೋಕೆ ಕೈ ಚಾಚಿದ್ದಳು. ಹಸಿರು ಅವಳ ಮುಂಗೈ ಮೇಲೆ ಕೂತಿತ್ತು. ಇದು ಎಲ್ಲಿಂದ ಬರ್ತಿದೆ ಅಂತ ಅವಳು ಒಮ್ಮೆ ತಿರುಗಿ ನೋಡಿದ್ದಿದ್ದರೆ...

ತಿರುಗುವ ಮುಂಚೆ ನಾನು ಪ್ಲಗ್ ಕಿತ್ತೆ. "ಏನೂ ಆಗ್ಲಿಲ್ವಲ್ಲ, ಬಿಡೋ" ಅಂದರು ಚಿಕ್ಕಪ್ಪ. ಎಲ್ಲರೂ ಪ್ರಸಾದ ತಿಂದರು. ನನಗೆ ಮಾತ್ರ ಇಳಿಯಲಿಲ್ಲ.

ಗೆಳೆಯರೇ, ಲೇಸರ್ ಸುರಕ್ಷತೆಯ ಲೆಕ್ಕದಲ್ಲಿ, ಅಕಸ್ಮಾತ್ ಕಣ್ಣಿಗೆ ಬಿದ್ದರೆ ರೆಪ್ಪೆ ಮುಚ್ಚಿ ಮುಖ ತಿರುಗಿಸುವಷ್ಟರಲ್ಲಿ, ಅಂದರೆ ಕಾಲು ಸೆಕೆಂಡಿನಲ್ಲಿ, ನಾವು ಬಚಾವಾಗೋದು ಸುಮಾರು 1 ಮಿಲಿವ್ಯಾಟ್ ತನಕ. ನನ್ನದು ಅದರ ನೂರು ಪಟ್ಟು. 5ರಿಂದ 500 ಮಿಲಿವ್ಯಾಟಿನವು 3ಬಿ ವರ್ಗ, ಅದಕ್ಕೂ ಮೇಲಿನವು 4ನೇ ವರ್ಗ. ಕಣ್ಣಿನ ಮಸೂರ ಆ ನೇರ ಕಿರಣವನ್ನು ರೆಟಿನಾದ ಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಕೂಡಿಸಿಬಿಡುತ್ತೆ. ರೆಟಿನಾಕ್ಕೆ ನೋವು ಗೊತ್ತಾಗಲ್ಲ. ಇದು ಕಾಗದದ ಮೇಲಿನ ಭಯ ಅನ್ನೋರಿಗೆ ಎರಡು ಉದಾಹರಣೆ. 2008ರ ಜುಲೈನಲ್ಲಿ ಮಾಸ್ಕೋದಿಂದ ಅಷ್ಟೇನೂ ದೂರವಲ್ಲದ ಕಿರ್ಜಾಚ್‌ನಲ್ಲಿ ಅಕ್ವಾಮರಿನ್ ಅನ್ನೋ ಸಂಗೀತೋತ್ಸವ ನಡೆದಾಗ ಲೇಸರ್ ಜನರ ಮೇಲೆ ಬಿದ್ದು ಹತ್ತಾರು ಮಂದಿಯ ಕಣ್ಣು ಹಾಳಾಯಿತು. ಇಲ್ಲೇ ಪಕ್ಕದ ಮಹಾರಾಷ್ಟ್ರದಲ್ಲಿ 2023ರ ಗಣೇಶ ಮೆರವಣಿಗೆಗಳ ನಂತರ ಕಣ್ಣಿಗೆ ಪೆಟ್ಟಾದವರ ಸುದ್ದಿ ಬಂತು. 2024ರಲ್ಲಿ ಪುಣೆ ಪೊಲೀಸರು ಗಣೇಶೋತ್ಸವದಲ್ಲಿ ಲೇಸರ್ ಕಿರಣಗಳನ್ನು ನಿಷೇಧಿಸಿದರು.

ನನ್ನ ಹೊಟ್ಟೆ ಉರಿಸಿದ ಸಂಗತಿ ಇದಲ್ಲ. ಬೆಂಗಳೂರಿಗೆ ವಾಪಸ್ ಬಂದು ನಿಧಾನವಾಗಿ ಕೂತು ನೋಡಿದಾಗ ಗೊತ್ತಾಯಿತು, ಆ ರಾತ್ರಿ ಕೆಟ್ಟಿದ್ದು ಯಾವುದೂ ಇರಲಿಲ್ಲ! 4 ಮತ್ತು 17 ಕೂಡಬೇಕಾದ್ದು ಕೇಬಲ್ಲಿನ ಆಚೆ ತುದಿಯಲ್ಲಿ, ಸಿಗ್ನಲ್ ಕಳಿಸುವ ಪೆಟ್ಟಿಗೆಯ ಕಡೆ. ಆಗ ಕೇಬಲ್ ಎಲ್ಲಿ ಕಿತ್ತರೂ ಆ ಸರ್ಕೀಟು ತುಂಡಾಗಿ ಲೇಸರ್ ಆರುತ್ತೆ. ನನ್ನ ಕೇಬಲ್ಲಿನಲ್ಲಿ ನಾನು ಆ ಎರಡು ತಂತಿ ಹಾಕೋದೇ ಮರೆತಿದ್ದೆ. "ಕೇಬಲ್ ಸರಿ ಇಲ್ಲ, ಹತ್ತಲ್ಲ" ಅಂತ ಡಬ್ಬ ಸತ್ಯವನ್ನೇ ಹೇಳ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದೆ. ರಿಪೇರಿ ಏನು ಗೊತ್ತಾ? ಕೇಬಲ್ಲಿಗೆ ಎರಡು ತಂತಿ ಸೇರಿಸಿ, ಅದೇ ಎರಡಿಂಚು ವೈರನ್ನು ಬಿಚ್ಚಿ ನಾಲ್ಕು ಮೀಟರ್ ಆಚೆ ಹಾಕೋದು. ಅರ್ಧ ಗಂಟೆ ಕೆಲಸ.

ಇದು ಲೇಸರ್ ಹವ್ಯಾಸಿಗಳ ರೋಗ ಮಾತ್ರ ಅಲ್ಲ. ಫ್ಯೂಸ್ ಹಾರಿದರೆ ದಪ್ಪ ತಂತಿ ಸುತ್ತೋ ಜನ ನಾವು. ಪಂಪ್‌ಸೆಟ್ಟಿನ ಸ್ಟಾರ್ಟರಲ್ಲಿ ಪ್ರಿವೆಂಟರ್ ಪದೇ ಪದೇ ಟ್ರಿಪ್ ಆಗುತ್ತೆ ಅಂತ ನಮ್ಮಪ್ಪ ಅದನ್ನೇ ಬೈಪಾಸ್ ಮಾಡಿಸಿದ್ದರು, ಒಂದು ಫೇಸ್ ಹೋದ ದಿನ ಮೋಟರು ಸುಟ್ಟಿತು. ಕಾಲೇಜಲ್ಲಿ ರೀಡಿಂಗ್ ಸರಿ ಬರದಿದ್ದರೆ ಯಾಕೆ ಅಂತ ಕೇಳದೆ ಸೀನಿಯರ್ ರೆಕಾರ್ಡಿಂದ ಇಳಿಸಿದ್ದೇ ನಮ್ಮ ಎಂಜಿನಿಯರಿಂಗು. ಆಫೀಸಲ್ಲಿ ಎರರ್ ಬಂದರೆ ಎರರ್ ತೋರಿಸೋ ಸಾಲನ್ನೇ ಕಾಮೆಂಟ್ ಮಾಡಿ ರಿಲೀಸ್ ಕೊಡೋರನ್ನ ನೋಡಿಲ್ವಾ? ನಾನೇ ಕೊಟ್ಟಿದ್ದೀನಿ. "ಕೆಲ್ಸ ಮಾಡತ್ತೆ" ಅನ್ನೋದಕ್ಕೂ "ಸರಿ ಇದೆ" ಅನ್ನೋದಕ್ಕೂ ಇರೋ ವ್ಯತ್ಯಾಸ ಮೋಟರಲ್ಲಾದರೆ ದುಡ್ಡು, ಲೇಸರಲ್ಲಾದರೆ ಕಣ್ಣು.

ಇದೇ ಅವಸರದ ಇನ್ನೊಂದು ಅವತಾರ ಸ್ಕ್ರೂಡ್ರೈವರ್. ಚಿತ್ರ ಸೊಟ್ಟಗೆ ಬಂತಾ, ಡ್ರೈವರ್ ಬೋರ್ಡಿನ ಪಾಟ್ ತಿರುಗಿಸು! ಆ ಪಾಟುಗಳು ರೇಡಿಯೋ ಟ್ಯೂನ್ ಮಾಡೋ ಗುಂಡಿಗಳಲ್ಲ. ಗೇನು, ಡ್ಯಾಂಪಿಂಗು ಎಲ್ಲ ಆಯಾ ಗ್ಯಾಲ್ವೊಗೆ ಜೋಡಿ ಮಾಡಿಯೇ ಬಂದಿರುತ್ತವೆ. ಗೇನ್ ಹೆಚ್ಚಾದರೆ ಕನ್ನಡಿ ಕೀರಲು ದನಿಯಲ್ಲಿ ಕಿರುಚುತ್ತೆ, ಕಾಯಿಲ್ ಕಾಯುತ್ತೆ, ಆಮೇಲೆ ನಿಜವಾಗಿಯೂ ಸಾಯುತ್ತೆ. ಕಿರುಚಿದರೆ ಮೊದಲು ಪವರ್ ತೆಗೀರಿ. ನಾನು ನೋಡಿದ "ಸತ್ತ" ಸ್ಕ್ಯಾನರುಗಳಲ್ಲಿ ಹೆಚ್ಚಿನವು ಸತ್ತಿರಲಿಲ್ಲ, ವೈರಿಂಗ್ ತಪ್ಪಿತ್ತು ಅಷ್ಟೇ. ಅದಕ್ಕೇ ಕಷ್ಟಪಟ್ಟು ಕಲಿತ ನನ್ನ ಕ್ರಮ ಬರೀತೀನಿ, ಯಾರಿಗಾದರೂ ಆದೀತು.

ಒಂದು, ಲೇಸರ್ ಆಫ್. ಗ್ಯಾಲ್ವೊ ಪರೀಕ್ಷಿಸೋಕೆ ಲೇಸರ್ ಬೇಕಾಗಿಲ್ಲ. ಕನ್ನಡಿ ಮೇಲೆ 1 ಮಿಲಿವ್ಯಾಟಿನ ಪಾಯಿಂಟರ್ ಬಿಟ್ಟರೆ ಸಾಕು. ಆಸಿಲೋಸ್ಕೋಪ್ ಇದ್ದರೆ ಎಕ್ಸ್-ವೈ ಮೋಡಿನಲ್ಲಿ ಸಿಗ್ನಲ್ಲಿನ ಚಿತ್ರವನ್ನೇ ನೋಡಬಹುದು.

ಎರಡು, ಪವರ್. ಡ್ರೈವರಿಗೆ ಬೇಕಾದ್ದು ಮೂರು ತಂತಿ: ಪ್ಲಸ್, ಗ್ರೌಂಡ್, ಮೈನಸ್. ಸಾಮಾನ್ಯವಾಗಿ 15 ಅಥವಾ 24 ವೋಲ್ಟಿನ ಜೋಡಿ. ಒಂದು ಕಡೆಯದು ಬರದಿದ್ದರೂ ಕನ್ನಡಿ ಒಂದು ತುದಿಗೆ ಹೋಗಿ ಬಡಿದು ನಿಲ್ಲಬಹುದು. ಗ್ಯಾಲ್ವೊ ಜೋಡಿಸುವ ಮುಂಚೆಯೇ ಸಪ್ಲೈ ಅಳೀರಿ. ಇನ್ನೊಂದು: ಟಿಡಿಎ 2030 ಆಂಪ್ಲಿಫೈಯರ್ ಕಟ್ಟಿದವರಿಗೆ ಗೊತ್ತಿರುತ್ತೆ, ಅಂಥ ಚಿಪ್ಪುಗಳ ಲೋಹದ ಬೆನ್ನು ಮೈನಸ್ ಸಪ್ಲೈಗೆ ಸೇರಿರುತ್ತೆ. ಡ್ರೈವರ್ ಬೋರ್ಡಿನಲ್ಲೂ ಹಾಗೇ ಇರಬಹುದು. ಮೈಕಾ ಹಾಳೆ ಇಲ್ಲದೆ ಡಬ್ಬಕ್ಕೆ ಬಿಗಿದರೆ ಮುಗೀತು ಕತೆ.

ಮೂರು, ಸಿಗ್ನಲ್. ಲೇಸರ್ ಶೋ ಸಂಸ್ಥೆ ಇಲ್ಡಾದ ಮಾನಕದ ಪ್ರಕಾರ ಎಕ್ಸ್‌ಗೆ ಪಿನ್ 1 ಮತ್ತು 14, ವೈಗೆ 2 ಮತ್ತು 15, ಗ್ರೌಂಡಿಗೆ 25. ಎಕ್ಸ್‌ಗೂ ವೈಗೂ ಪ್ಲಸ್ ಮೈನಸ್ ಎರಡೂ ತಂತಿ ಬೇಕು. ಒಂದು ಬಿಟ್ಟರೆ ಚಿತ್ರ ಆ ದಿಕ್ಕಿನಲ್ಲಿ ಅರ್ಧಕ್ಕೆ ಕುಗ್ಗುತ್ತೆ, ಅದಲು ಬದಲಾದರೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುತ್ತೆ. ಚಿತ್ರ ನೀರಲ್ಲಿ ಅಲುಗಾಡಿದ ಹಾಗಿದ್ದರೆ 50 ಹರ್ಟ್ಸಿನ ಮೇನ್ಸು ಗ್ರೌಂಡ್ ಮೂಲಕ ನುಗ್ಗಿದೆಯಾ ನೋಡಿ. ಸೌಂಡ್ ಕಾರ್ಡಿಂದ ಓಡಿಸುವವರ ಚಿತ್ರ ನಡುವಿಗೆ ಜಾರುತ್ತಿದ್ದರೆ ಕಾರಣ ಕಾರ್ಡಿನ ಔಟ್‌ಪುಟ್ ಕೆಪ್ಯಾಸಿಟರು. ಅದು ಡಿಸಿ ಬಿಡೋದಿಲ್ಲ.

ನಾಲ್ಕು, ಬರೀ ಅಡ್ಡಗೆರೆ ಬರ್ತಿದೆ, ವೈ ಸತ್ತಿದೆ ಅನ್ನಿಸಿದರೆ ಪವರ್ ತೆಗೆದು ಎಕ್ಸ್ ಮತ್ತು ವೈ ಇನ್‌ಪುಟ್ ಪ್ಲಗ್ಗುಗಳನ್ನು ಮಾತ್ರ ಅದಲು ಬದಲು ಮಾಡಿ. ಗೆರೆ ಈಗ ಲಂಬವಾದರೆ ತಪ್ಪು ಸಿಗ್ನಲ್ಲಿನದು. ಅಡ್ಡವಾಗೇ ಉಳಿದರೆ ತಪ್ಪು ವೈ ಬೋರ್ಡಿನಲ್ಲಿ ಅಥವಾ ಗ್ಯಾಲ್ವೊದಲ್ಲಿ. ಬೋರ್ಡುಗಳನ್ನೇ ಅದಲು ಬದಲು ಮಾಡಬೇಡಿ, ಅವು ತಮ್ಮ ತಮ್ಮ ಗ್ಯಾಲ್ವೊ ಜೊತೆ ಟ್ಯೂನ್ ಆಗಿರುತ್ತವೆ.

ಐದು, ಇಷ್ಟೆಲ್ಲ ಆದ ಮೇಲೆ ಪಾಟು. ತಿರುಗಿಸೋ ಮುಂಚೆ ಮಾರ್ಕರಿಂದ ಗುರುತು ಹಾಕಿ. ಇಲ್ಡಾದ ಟೆಸ್ಟ್ ಪ್ಯಾಟರ್ನಿನಲ್ಲಿ ಚೌಕದೊಳಗೊಂದು ವೃತ್ತ ಇದೆ. 8 ಡಿಗ್ರಿ ಅಗಲಕ್ಕೆ ಇಟ್ಟಾಗ ಆ ವೃತ್ತ ಚೌಕದ ನಾಲ್ಕೂ ಬದಿಗೆ ತಾಗಿ ನಿಂತರೆ ಟ್ಯೂನಿಂಗ್ ಸರಿ ಇದೆ ಅಂತ ಅರ್ಥ.

ಆರು, ಲೇಸರ್. ಹತ್ತಿಸುವ ಮುಂಚೆ ಕೇಬಲ್ ಕಿತ್ತು ನೋಡಿ, ಆರಲೇಬೇಕು. ಅಗ್ಗದ ಹಲವು ಲೇಸರುಗಳ ಟಿಟಿಎಲ್ ತಂತಿ ಎಲ್ಲಿಗೂ ಸೇರದಿದ್ದರೆ "ಆನ್" ಅಂತಲೇ ತಿಳಿಯುತ್ತೆ, ನನ್ನದೂ ಹಾಗೇ ಇತ್ತು. ಅದಕ್ಕೂ ಗ್ರೌಂಡಿಗೂ ನಡುವೆ ಒಂದು ರೆಸಿಸ್ಟರ್ ಹಾಕಿ, ನಿಜವಾಗಿ ಸೊನ್ನೆಗಿಳಿಯಿತಾ ಅಂತ ಮೀಟರ್ ಇಟ್ಟು ನೋಡಿ. ಎಸ್.ಪಿ. ರಸ್ತೆಯಲ್ಲಿ ರೆಸಿಸ್ಟರಿಗೆ ಒಂದು ಕಾಫಿಯಷ್ಟೂ ಖರ್ಚಾಗಲ್ಲ.

"ಹೀಗೆ ಹೆದರಿಸಿದರೆ ಹೊಸಬರು ಯಾರು ಬರ್ತಾರೆ?" ಅಂತ ಒಬ್ಬ ಗೆಳೆಯ ಕೇಳಿದ. ಹೆದರಿಸ್ತಿಲ್ಲ ಸ್ವಾಮಿ, ಕ್ರಮ ಹೇಳ್ತಿದ್ದೀನಿ. ಪಕ್ಕಾ ಕಲಿಸಿದರೆ ಇನ್ನೂ ನಾಲ್ಕು ಜನ ಬರ್ತಾರೆ, ಕಣ್ಣು ಉಳಿಸಿಕೊಂಡೇ ಬರ್ತಾರೆ. "ದೊಡ್ಡ ಶೋಗಳಲ್ಲಿ ಸೀದಾ ಜನರ ಮೇಲೇ ಬಿಡ್ತಾರಲ್ಲ" ಅನ್ನೋರೂ ಇದ್ದಾರೆ. ಸರಿಯಾಗಿ ಮಾಡುವವರು ಬೆಳಕು ಅಳೆದು, ಕನ್ನಡಿ ನಿಂತ ಕೂಡಲೇ ಲೇಸರ್ ಆರಿಸುವ ಸರ್ಕೀಟ್ ಇಟ್ಟುಕೊಂಡು ಮಾಡ್ತಾರೆ. ನಮ್ಮ ಹತ್ತಿರ ಅದಿಲ್ಲ. ನಾನು ಹಾಕಿದ ಇಂಟರ್‌ಲಾಕ್ ಕೂಡ ಕೇಬಲ್ ಕಿತ್ತರೆ ಮಾತ್ರ ಕಾಯುತ್ತೆ, ಗ್ಯಾಲ್ವೊ ತಾನಾಗೇ ನಿಂತರೆ ಕಾಯೋದಿಲ್ಲ. ಹಾಗಾಗಿ ಕಿರಣ ತಲೆಯ ಮೇಲೆಯೇ ಇರಬೇಕು. ಅಮೆರಿಕದ ನಿಯಮ ಜನ ನಿಲ್ಲುವ ನೆಲದಿಂದ 3 ಮೀಟರ್ ಎತ್ತರ ಅನ್ನುತ್ತೆ. ಬೆಂಚಿನ ಮೇಲೆ ಪ್ರೊಜೆಕ್ಟರ್ ಇಟ್ಟಿದ್ದು ನನ್ನ ಎರಡನೇ ತಪ್ಪು.

ಇನ್ನು "ಏನೂ ಆಗ್ಲಿಲ್ವಲ್ಲ" ಅನ್ನೋ ನಮ್ಮ ಚಿಕ್ಕಪ್ಪನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅವತ್ತು ಏನೂ ಆಗದೇ ಇದ್ದದ್ದರಲ್ಲಿ ನನ್ನ ಪಾತ್ರ ಏನೂ ಇರಲಿಲ್ಲ. ಆ ಹುಡುಗಿ ತಿರುಗಲಿಲ್ಲ, ಅಷ್ಟೇ.

ತಾ.ಕ.: ಈ ಹಬ್ಬಕ್ಕೂ ಗಣಪತಿ ಬರ್ತಾನೆ. ಪ್ರೊಜೆಕ್ಟರ್ ಈ ಸಲ ಸಮುದಾಯ ಭವನದ ಸಜ್ಜೆಯ ಮೇಲೆ, ಕೇಬಲ್ ಗೋಡೆಗೆ ಬಿಗಿದು. ಶುರು ಮಾಡೋ ಮುಂಚೆ ಎಲ್ಲರೆದುರು ಒಮ್ಮೆ ಕೇಬಲ್ ಕಿತ್ತು ತೋರಿಸ್ತೀನಿ. ನೀವೂ ನಿಮ್ಮ ಬೀದಿಯ ಲೇಸರಿನವನಿಗೆ ಒಂದು ಮಾತು ಕೇಳಿ: "ಕೇಬಲ್ ಕಿತ್ತರೆ ಆರುತ್ತಾ?" ಉತ್ತರ ಹೇಳೋಕೆ ತಡವರಿಸಿದರೆ ಮಕ್ಕಳನ್ನ ಆ ಕಡೆ ಕಳಿಸಬೇಡಿ.