ಮಣ್ಣೋ, ಕಲ್ಲೋ?



ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಬಯಲುಸೀಮೆಯಿಂದ ಹೋದ ಹೊಸ ಎಂಜಿನಿಯರ್ ನಾನು, ಪುತ್ತೂರು ತಾಲ್ಲೂಕಿನ ನರಿಮೊಗರಿನಲ್ಲಿ ಕಟ್ಟಡವೊಂದರ ಪಾಯ ಅಗೆಸುತ್ತಿದ್ದೆ. ಅಗೆತದ ದರ ಮಣ್ಣಿಗೆ ಬೇರೆ, ಕಲ್ಲಿಗೆ ಬೇರೆ. ಗುಂಡಿಯಲ್ಲಿ ಸಿಕ್ಕಿದ್ದು ಮುರಕಲ್ಲು. ಅಳತೆ ಪುಸ್ತಕದಲ್ಲಿ ಏನೆಂದು ಬರೆಯುವುದು? ಮೇಸ್ತ್ರಿಯನ್ನು ಕೇಳಿದೆ. "ಕಡಿಯುವಾಗ ಮಣ್ಣಿನ ಹಾಗೆ ಸಾರ್, ಗಾಳಿಗೆ ಒಣಗಿದ ಮೇಲೆ ಕಲ್ಲು" ಎಂದರು. ಹಾರೆ ಹಾಕಿ ಬಿಡಿಸಬೇಕಾಗಿದ್ದರಿಂದ 'ಮೃದು ಕಲ್ಲು' ಎಂದು ಬರೆದು ಬಿಲ್ ಮುಗಿಸಿದೆ.

ವಿಂಗಡಿಸದೆ ಕೆಲಸ ಸಾಗದು ನಿಜ. ಮಣ್ಣಿನ ವರ್ಗೀಕರಣಕ್ಕೆ ಐಎಸ್ 1498 ಎಂಬ ಭಾರತೀಯ ಮಾನಕವಿದೆ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ 75 ಮೈಕ್ರಾನ್ ಜರಡಿಯಿಂದ ಇಳಿದರೆ ಅದು ನಯ ಮಣ್ಣು, ಇಲ್ಲದಿದ್ದರೆ ಒರಟು ಮಣ್ಣು. ಆದರೆ ಶೇ. 49 ಇಳಿದದ್ದಕ್ಕೂ ಶೇ. 51 ಇಳಿದದ್ದಕ್ಕೂ ಕೈಗೆ ವ್ಯತ್ಯಾಸವೇ ತಿಳಿಯದು. ಗೆರೆ ಮಣ್ಣಿನಲ್ಲಿಲ್ಲ, ನಮ್ಮ ಅನುಕೂಲಕ್ಕೆ ನಾವು ಎಳೆದದ್ದು.

ಎಳೆದ ಮೇಲೆ ಮನಸ್ಸು ಅದನ್ನು ಮರೆಯುತ್ತದೆ. 1963ರಲ್ಲಿ ಹೆನ್ರಿ ತಾಜ್‌ಫೆಲ್ ಮತ್ತು ವಿಲ್ಕ್ಸ್ ಎಂಬ ಮನೋವಿಜ್ಞಾನಿಗಳು ಜನರಿಗೆ ಎಂಟು ಗೆರೆಗಳನ್ನು ತೋರಿಸಿ ಉದ್ದ ಅಂದಾಜು ಮಾಡಿಸಿದರು. ಗಿಡ್ಡ ನಾಲ್ಕಕ್ಕೆ 'ಎ', ಉದ್ದ ನಾಲ್ಕಕ್ಕೆ 'ಬಿ' ಎಂದು ಹೆಸರು ಕೊಟ್ಟಾಗ ಎರಡು ಗುಂಪುಗಳ ನಡುವಿನ ಅಂತರ ಇದ್ದುದಕ್ಕಿಂತ ದೊಡ್ಡದಾಗಿ ಕಂಡಿತು. ಬರೀ ಗೆರೆಗಳಿಗೇ ಹೀಗಾದರೆ ಮನುಷ್ಯರಿಗೆ?

ನನ್ನದೇ ತಪ್ಪು ಹೇಳುತ್ತೇನೆ. ಕಳೆದ ವರ್ಷ ಮಗಳಿಗೊಂದು ಸಂಬಂಧ ಬಂತು. ಇಷ್ಟಲಿಂಗ ಪೂಜೆ ತಪ್ಪದ ಮನೆತನ. ಆದರೂ ನನ್ನ ಬಾಯಿಂದ ಮೊದಲು ಬಂದದ್ದು, "ಯಾವ ಒಳಪಂಗಡ?" ಹುಡುಗನ ನಡತೆ ವಿಚಾರಿಸಿದ್ದು ಆಮೇಲೆ. ಮಗಳು ಕೇಳಿದಳು: "ಅಪ್ಪಾ, ಬಸವ ಜಯಂತಿಯಲ್ಲಿ ಹರಳಯ್ಯ, ಮಧುವರಸರ ಬೀಗತನದ ಬಗ್ಗೆ ಭಾಷಣ ಮಾಡುವವರು ನೀವೇ ಅಲ್ಲವೇ?" ನನ್ನಲ್ಲಿ ಉತ್ತರವಿರಲಿಲ್ಲ.

ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಕಾಯಕದ ಹೆಸರನ್ನು ಬಿಡಲಿಲ್ಲ. ಶರಣರು ತೊಡೆದದ್ದು ಹೆಸರನ್ನಲ್ಲ, ಹೆಸರಿಗೆ ಅಂಟಿದ್ದ ಮೇಲುಕೀಳನ್ನು. ಗಣತಿಗೆ, ಮೀಸಲಾತಿಗೆ ಒಳಪಂಗಡ ಬರೆಯಬೇಕಾದರೆ ಬರೆಯೋಣ. ಅದು ಅಳತೆ ಪುಸ್ತಕ. ಬೀಗತನಕ್ಕೆ ಆ ಪುಸ್ತಕ ಯಾಕೆ? ವಧೂವರರ ಸಮಾವೇಶ ನಡೆಸುವ ಮಠಗಳಲ್ಲಿ ನನ್ನದೊಂದು ಬಿನ್ನಹ: ಅರ್ಜಿಯಲ್ಲಿ ಒಳಪಂಗಡದ ಕಲಂ ಇದ್ದರೆ ತೆಗೆದುಹಾಕಿ. ಆ ಜಾಗದಲ್ಲಿ ಕಾಯಕವೇನು ಎಂದು ಕೇಳಿ.

ಮಗಳ ಮದುವೆ ಅದೇ ಮನೆಗೆ ನಿಶ್ಚಯವಾಗಿದೆ.